ಸ್ಪ್ಲೆಂಡರ್ ಪ್ಲಸ್: ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಉಳಿಯುವುದೆಷ್ಟು, ಅಪಾಯವೆಷ್ಟು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೆಳಿಗ್ಗೆ ಆರೂವರೆಗೆ ಯಾವ ಹಳ್ಳಿಯ ಡೈರಿ ಮುಂದೆ ನಿಂತು ನೋಡಿದರೂ ಸಾಲಿನಲ್ಲಿ ಹೀರೋ ಸ್ಪ್ಲೆಂಡರ್ ಪ್ಲಸ್ ಬೈಕು ಇದ್ದೇ ಇರುತ್ತದೆ. ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟ ರೇಷ್ಮೆಗೂಡಿನ ಚೀಲ, ಸೇವಂತಿಗೆಯ ಮೂಟೆ, ಇವೆಲ್ಲ ಇದರ ಬೆನ್ನ ಮೇಲೇ ಹೋಗುವುದು. ಆದ್ದರಿಂದ ಇದನ್ನು ಷೋರೂಮಿನ ಹೊಳಪಿನಲ್ಲಿ ತೂಗುವುದರಲ್ಲಿ ಅರ್ಥವಿಲ್ಲ; ಇಲ್ಲಿಯ ರಸ್ತೆ, ಇಲ್ಲಿಯ ಹೊರೆ ಇಟ್ಟುಕೊಂಡೇ ತೂಗಬೇಕು. ಒಂದೇ ಮಾತಿನಲ್ಲಿ ಹೇಳುವುದಾದರೆ, ಓಡುವುದರಲ್ಲಿ ಇದಕ್ಕೆ ಸಾಟಿ ಕಡಿಮೆ, ನಿಲ್ಲುವುದರಲ್ಲಿ ಅಷ್ಟಕ್ಕಷ್ಟೇ.

ಮೊದಲು ಓಟ. 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರಿನ ಸಂತತಿ ಇದು. ಎಂಜಿನ್ 97.2 ಸಿಸಿ, ಶಕ್ತಿ ಸುಮಾರು 8 ಪಿಎಸ್, ಗೇರು ನಾಲ್ಕು, ತೂಕ 112 ಕಿಲೋ, ಟ್ಯಾಂಕು 9.8 ಲೀಟರ್. 2020ರಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯುವ ಕೆಲಸ ತಪ್ಪಿತು, ಆದರೆ ಹಳ್ಳಿಯ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತಿರುಗಿಸಿ ಮೈಲೇಜ್ ಕೂರಿಸುತ್ತಿದ್ದ ಕಾಲವೂ ಅಲ್ಲಿಗೆ ಮುಗಿಯಿತು.

ಹದವಾಗಿ ಓಡಿಸಿದರೆ ಲೀಟರಿಗೆ 60ರಿಂದ 70 ಕಿ.ಮೀ. ಸಿಗುತ್ತದೆ. ದಿನಕ್ಕೆ 40 ಕಿ.ಮೀ. ಓಡುವವರ ಲೆಕ್ಕ ಹಾಕೋಣ. 65ರ ಮೈಲೇಜಿನಲ್ಲಿ 620 ಮಿಲಿ ಪೆಟ್ರೋಲ್ ಸಾಕು. ಲೀಟರಿಗೆ 35 ಕೊಡುವ 350 ಸಿಸಿ ಗಾಡಿಯಾದರೆ 1,140 ಮಿಲಿ ಬೇಕು. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೂ ದಿನಕ್ಕೆ ಐವತ್ತು ರೂಪಾಯಿ ಉಳಿತಾಯ, ತಿಂಗಳಿಗೆ 25 ದಿನ ಓಡಿದರೆ 1,300ರ ಸುತ್ತ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದ್ದರಿಂದ ಕೊಳ್ಳುವ ಬೆಲೆಯೂ ತಗ್ಗಿತು. ಬಿಡಿಭಾಗಕ್ಕೆ ಪರದಾಟವಿಲ್ಲ, ಗುಡಿಬಂಡೆಯಲ್ಲೂ ಸಿಗುತ್ತದೆ, ಬಾಗೇಪಲ್ಲಿಯಲ್ಲೂ ಸಿಗುತ್ತದೆ.

ಇಲ್ಲಿಗೆ ಹೊಗಳಿಕೆ ಸಾಕು. ಈಗ ಬ್ರೇಕು.

ಮಾಮೂಲಿ ಮಾದರಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ 130 ಮಿ.ಮೀ. ಡ್ರಮ್. ಎಕ್ಸ್‌ಟೆಕ್ ಎಂಬ ಮೇಲಿನ ಮಾದರಿಯಲ್ಲಿ ಮುಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಯೂ ಉಂಟು. ದುಡ್ಡು ಹೊಂದಿಸಬಹುದಾದರೆ ಮೊಬೈಲಿಗೆ ಜೋಡಿಸುವ ಮೀಟರಿಗಾಗಿ ಅಲ್ಲ, ಆ ಡಿಸ್ಕಿಗಾಗಿ ಅದನ್ನು ತೆಗೆದುಕೊಳ್ಳಿ. 2019ರಿಂದ ಈ ದರ್ಜೆಯ ಗಾಡಿಗಳಲ್ಲಿ ಎರಡೂ ಬ್ರೇಕು ಕೂಡಿ ಹಿಡಿಯುವ ಏರ್ಪಾಡು ಕಡ್ಡಾಯ. ಹೀರೋದವರು ಅದನ್ನು ಐಬಿಎಸ್ ಎನ್ನುತ್ತಾರೆ. ಕಾಲಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಹೆಸರು ಕೇಳಿ ಇದನ್ನು ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಅಂದುಕೊಂಡವರು ಬಹಳ ಮಂದಿ. ಚಕ್ರ ಕಚ್ಚಿಕೊಂಡು ಜಾರುವುದನ್ನು ಇದು ತಡೆಯುವುದಿಲ್ಲ.

60ರ ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದು ಕೈ ಬ್ರೇಕ್ ಹಿಡಿಯುವುದಕ್ಕೆ ಒಂದು ಸೆಕೆಂಡ್ ಹಿಡಿಯಿತು ಅನ್ನಿ. ಆಮೇಲೆ ಒಣ ಡಾಂಬರಿನಲ್ಲಿ, ಬ್ರೇಕ್ ಶೂ (ಡ್ರಮ್ಮಿನ ಒಳಗೆ ಉಜ್ಜಿ ಚಕ್ರ ನಿಲ್ಲಿಸುವ ತುಂಡು) ಚೆನ್ನಾಗಿದ್ದು, ಎರಡೂ ಬ್ರೇಕನ್ನು ಸರಿಯಾಗಿ ಹಿಡಿದರೆ ಇನ್ನು 24 ಮೀಟರ್ ಆಸುಪಾಸು. ಒಟ್ಟು 40. ವೇಗ 80 ಆದರೆ ಇದೇ ಲೆಕ್ಕ 65 ಮೀಟರಿನ ಹತ್ತಿರ ಹೋಗುತ್ತದೆ. ಐಬಿಎಸ್ ಇಲ್ಲದ ಹಳೆಯ ಗಾಡಿಯಲ್ಲಿ ಕಾಲಿನ ಬ್ರೇಕನ್ನಷ್ಟೇ ನಂಬಿದರೆ 60ರಲ್ಲೇ 55 ಮೀಟರ್ ಬೇಕು. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವ ಹಿರಿಯರು ಇಂದಿಗೂ ಇದ್ದಾರೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ಹಿಡಿತವೂ ಅಲ್ಲೇ ಹೆಚ್ಚುತ್ತದೆ. ಹ್ಯಾಂಡಲ್ ನೇರ ಇಟ್ಟುಕೊಂಡು, ಗಬಕ್ಕನೆ ಹಿಡಿಯದೆ ಒತ್ತುತ್ತಾ ಹೋಗಬೇಕು. ಪಲ್ಟಿಯಾಗುವುದು ತಿರುವಿನಲ್ಲೋ ಮರಳಿನಲ್ಲೋ ಹಠಾತ್ತನೆ ಹಿಡಿದಾಗ.

ಡ್ರಮ್ಮಿನ ಒಂದು ಗುಣವೆಂದರೆ ಕೆಡುವಾಗ ಸದ್ದು ಮಾಡದೆ ಕೆಡುತ್ತದೆ. ಶೂ ದಿನಕ್ಕಿಷ್ಟು ಸವೆಯುತ್ತದೆ, ಕೈ ದಿನಕ್ಕಿಷ್ಟು ಹೆಚ್ಚು ಎಳೆಯಲು ಕಲಿಯುತ್ತದೆ. ಚಕ್ರದ ನಡುವೆ, ಬ್ರೇಕಿನ ತೋಳು ಕೂತ ಜಾಗದಲ್ಲಿ, ಚಿಕ್ಕ ಬಾಣದ ಗುರುತೊಂದಿದೆ. ಒಬ್ಬರು ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಬಗ್ಗಿ ನೋಡಲಿ. ಬಾಣ ಪ್ಲೇಟಿನ ಮೇಲಿನ ಗೀಟಿಗೆ ಬಂದು ನಿಂತಿದ್ದರೆ ಶೂ ಮುಗಿದಿದೆ. ಇನ್ನು ಬ್ರೇಕ್ ಹೊಂದಿಸುವ ನಟ್ಟು ಬಿಗಿಮಾಡಿ ಉಪಯೋಗವಿಲ್ಲ. ಅಲ್ಲಿಗೆ ಬಂದಿಲ್ಲವಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸುತ್ತಾ ನಟ್ಟನ್ನು ಅರ್ಧರ್ಧ ಸುತ್ತು ಬಿಗಿಮಾಡಿ. ಶೂ ಉಜ್ಜುವ ಸದ್ದು ಕೇಳಿದ ಕೂಡಲೇ ಸದ್ದು ನಿಲ್ಲುವಷ್ಟು ಹಿಂದಕ್ಕೆ ಬಿಡಿ. ಕಾಲಿನ ಪೆಡಲ್ ಎರಡರಿಂದ ಮೂರು ಸೆಂಟಿಮೀಟರ್ ಖಾಲಿ ಇಳಿದು ಆಮೇಲೆ ಹಿಡಿಯಬೇಕು. ಸದಾ ಉಜ್ಜುವಷ್ಟು ಬಿಗಿಮಾಡಿದರೆ ಡ್ರಮ್ ಕಾದು ಶೂ ಗಾಜಿನಂತೆ ನುಣುಪಾಗುತ್ತದೆ, ಮೈಲೇಜೂ ಹೋಗುತ್ತದೆ. ಹೊಸ ಶೂ ಜೋಡಿಗೆ ಕೆಲವು ನೂರು ರೂಪಾಯಿ, ಅಷ್ಟೇ.

ನಂದಿ ಬೆಟ್ಟದಿಂದ ಇಳಿಯುವಾಗ ಈ ಕಾವಿನ ಸಂಗತಿ ಚೆನ್ನಾಗಿ ಗೊತ್ತಾಗುತ್ತದೆ. ಬೆಟ್ಟದ ತುದಿ 1,478 ಮೀಟರ್. ಸುತ್ತು ತಿರುವಿನ ಇಳಿಜಾರು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಉರುಳಿಸಿದರೆ ಪೂರ್ತಿ ಭಾರ ಎರಡು ಪುಟ್ಟ ಡ್ರಮ್ಮಿನ ಮೇಲೆ ಬೀಳುತ್ತದೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲಿವರ್ ಹಿಡಿಕೆಗೆ ತಾಗುವಷ್ಟು ಒಳಗೆ ಬರುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ತಡೆಯುತ್ತದೆ. ಥ್ರಾಟಲ್ ಮುಚ್ಚಿ ಗೇರಿನಲ್ಲಿ ಇಳಿಯುವಾಗ ಇಂಜೆಕ್ಷನ್ ಗಾಡಿ ಹೇಗೂ ಪೆಟ್ರೋಲನ್ನು ತೀರಾ ಕಡಿಮೆ ಮಾಡುತ್ತದೆ; ನ್ಯೂಟ್ರಲ್‌ನಿಂದ ಉಳಿಯುವುದು ಏನೂ ಇಲ್ಲ.

ಹೊರೆಯದು ಇನ್ನೊಂದು ಅಧ್ಯಾಯ. 40 ಲೀಟರಿನ ಎರಡು ಹಾಲಿನ ಕ್ಯಾನು ತುಂಬಿದರೆ ಕ್ಯಾನಿನ ತೂಕವೂ ಸೇರಿ ನೂರು ಕಿಲೋ ಹತ್ತಿರ. ಗಾಡಿಯ ತೂಕಕ್ಕೆ ಹೆಚ್ಚು ಕಡಿಮೆ ಸಮ. ಅದೂ ಹಿಂದಿನ ಚಕ್ರದ ಆಚೀಚೆ. ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲುತ್ತದೆ, ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ. ಹೆಡ್‌ಲೈಟ್ ಮೇಲಕ್ಕೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆಯೇ ಹೊರತು ರಸ್ತೆ ಕಾಣಿಸುವುದಿಲ್ಲ. ಮಾಮೂಲಿ ಮಾದರಿಯ ಹ್ಯಾಲೋಜನ್ ಬಲ್ಬು 35 ವ್ಯಾಟ್ ಮಾತ್ರ. ಹಿಂದಿನ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರನ್ನು ಅದರ ಬೆಳಕಿನಲ್ಲಿ ದೂರದಿಂದಲೇ ಗುರುತಿಸುವ ಆಸೆ ಬೇಡ, ರಾತ್ರಿ 45 ದಾಟದಿರುವುದು ಮೇಲು. ಟೈರಿನ ಗಾಳಿ, ಒಬ್ಬರೇ ಹೋಗುವಾಗ, ಮುಂದೆ 25, ಹಿಂದೆ 28 ಪಿಎಸ್‌ಐ. ಹಿಂದೆ ಜನ ಕೂತರೆ ಹಿಂದಿನದಕ್ಕೆ ಇನ್ನಷ್ಟು ಬೇಕು, ಆ ಅಂಕಿ ಗಾಡಿಯ ಸ್ಟಿಕರಿನಲ್ಲಿದೆ. ಪಂಚರ್ ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ "ಸರಿಯಾಗದೆ ಸ್ವಾಮಿ" ಎನ್ನುವುದು ಅಳತೆಯಲ್ಲ.

ಹಿಂದೆ ಸೀರೆಯುಟ್ಟವರು ಕೂರುವ ಮನೆಯಾದರೆ ಸೀರೆ ಗಾರ್ಡ್ ಕಿತ್ತು ಕ್ಯಾನಿನ ಕೊಕ್ಕೆ ಬೆಸುಗೆ ಹಾಕಿಸಬೇಡಿ. ಸೆರಗೋ ವೇಲೋ ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಎಳೆದು ಬೀಳಿಸಲು ಒಂದು ಸುತ್ತು ಸಾಕು. ಒಂದೇ ಕಡೆ ಕಾಲು ಹಾಕಿ ಕೂತವರಿಗೆ ಬಣ್ಣ ಬಳಿಯದ ಹಂಪ್ ಇನ್ನೂ ಅಪಾಯ.

ಜಿಲ್ಲೆಯ ರಸ್ತೆಗಳಿಗೂ ತಮ್ಮದೇ ಗುಣವಿದೆ. ನವೆಂಬರ್ ಕೊನೆಯಿಂದ ಸಂಕ್ರಾಂತಿವರೆಗೆ ಒಳರಸ್ತೆಗಳೇ ಕಣ. ರಾಗಿ ತೆನೆ, ಹುರುಳಿ ಗಿಡ ಹಾಸಿ ವಾಹನ ಹತ್ತಲೆಂದು ಬಿಟ್ಟಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ ಉಳಿಯುವುದುಂಟು. ಹುಲ್ಲಿನ ಮೇಲೆ ಟೈರಿಗೆ ರಸ್ತೆಯೇ ಸಿಗುವುದಿಲ್ಲ. ಮುಂಚೆಯೇ ವೇಗ ತಗ್ಗಿಸಿ, ಎರಡನೇ ಗೇರಿನಲ್ಲಿ, ವಾಲಿಸದೆ, ಬ್ರೇಕ್ ಮುಟ್ಟದೆ ದಾಟಿ. ಕ್ರಷರ್ ಇರುವ ಕಡೆ ತಿರುವಿನಲ್ಲಿ ಟಿಪ್ಪರಿನಿಂದ ಚೆಲ್ಲಿದ ಎಂ-ಸ್ಯಾಂಡಿಗೂ ಇದೇ ಮದ್ದು. ನೀರು ನಿಂತ ಅಂಡರ್‌ಪಾಸ್ ದಾಟಿದ ಮೇಲೆ ಡ್ರಮ್ ಒಳಗೆ ನೀರಿರುತ್ತದೆ. ನೂರಿನ್ನೂರು ಮೀಟರ್ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಹೋದರೆ ಕಾವಿಗೆ ಒಣಗುತ್ತದೆ.

44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾತ್ರ ಈ ಗಾಡಿ ಜಾಗ ತಪ್ಪಿ ಬಂದಂತೆ. 80ಕ್ಕೆ ಹತ್ತಿರ ಬಂದರೆ ಥ್ರಾಟಲಿನಲ್ಲಿ ಉಳಿಯುವುದು ಅಲ್ಪ. ಹಿಂದಿನಿಂದ ಲಾರಿ ಬಂದರೆ ಮುಂದಕ್ಕೆ ತಪ್ಪಿಸಿಕೊಳ್ಳುವ ಶಕ್ತಿಯಿಲ್ಲ, ಪಕ್ಕದಲ್ಲಿ ಬಸ್ಸು ಹಾದರೆ ಆ ಗಾಳಿಗೆ 112 ಕಿಲೋ ಅಲುಗಾಡುತ್ತದೆ. ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವವರು ಬೇರೆ. ದೇವನಹಳ್ಳಿ, ಯಲಹಂಕದ ಕಡೆ ದಿನಾ ಕೆಲಸಕ್ಕೆ ಹೋಗುವವರು ಮೈಲೇಜಿನಲ್ಲಿ ಹತ್ತು ಕಿ.ಮೀ. ಬಿಟ್ಟುಕೊಟ್ಟು ಮುಂದೆ ಡಿಸ್ಕ್ ಇರುವ 125 ಸಿಸಿ ಗಾಡಿ ತೆಗೆದುಕೊಳ್ಳುವುದು ಲೇಸು. ಊರೊಳಗೆ, ತೋಟಕ್ಕೆ, ಡೈರಿಗೆ, ಗೌರಿಬಿದನೂರು, ಚಿಂತಾಮಣಿಯ ಸಂತೆಗೆ 50–55ರಲ್ಲಿ ಹೋಗಿ ಬರುವವರಿಗೆ ಸ್ಪ್ಲೆಂಡರ್ ಬಿಟ್ಟು ಬೇರೆ ಹುಡುಕುವ ಕಾರಣ ಕಾಣುವುದಿಲ್ಲ.

"ಇದು ಜೋರಾಗಿ ಹೋಗಲ್ಲ, ಏನೂ ಆಗಲ್ಲ" ಎಂಬ ಮಾತೊಂದಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491, ಅವರಲ್ಲಿ ಶೇ. 44.5 ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅದರಲ್ಲಿ 14,337 ಜನ ಹಿಂದೆ ಕೂತವರು. ಹಾಗಾಗಿ ಗಾಡಿಯ ಬೆಲೆಯಲ್ಲಿ ಎರಡು ಹೆಲ್ಮೆಟ್ಟಿನ ಬೆಲೆಯನ್ನೂ ಸೇರಿಸಿ ನೋಡಿ. ಹೆಲ್ಮೆಟ್ಟಿನ ಸುರಕ್ಷತಾ ಮಾನದಂಡವಾದ ಐಎಸ್ 4151ರ ಗುರುತಿರಬೇಕು. ಹಾಕಿಕೊಂಡು ಹೆಲ್ಮೆಟ್ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು, ಬೆಲ್ಟು ಹಾಕಿ ಹಿಂದಿನಿಂದ ಮೇಲಕ್ಕೆತ್ತಿದರೆ ಕಳಚಬಾರದು. ಟ್ಯಾಂಕಿನ ಮೇಲಿಟ್ಟುಕೊಂಡು ಪೊಲೀಸರು ಕಂಡಾಗ ಹಾಕಿಕೊಳ್ಳುವುದಕ್ಕಾದರೆ ಯಾವುದಾದರೂ ನಡೆದೀತು.

ಇನ್ಷೂರೆನ್ಸ್ ಮಾಡಿಸುವಾಗ ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸೇರಿದೆಯೇ ಎಂದು ಕೇಳಿ. ಡಿಎಲ್ ಇಲ್ಲದವರಿಗೆ ಅದು ದಕ್ಕುವುದಿಲ್ಲ. ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವುದು ಮಗ ಎಂಬ ಮನೆಗಳು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು, ಏಕೆಂದರೆ ಆ ವಿಮೆ ಮಾಲೀಕನಿಗೆ, ಗಾಡಿಗಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರು ಪೇಂಟಿಗೆ ಮರುಳಾಗಬೇಡಿ. ಚೈನ್ ಕವರ್ ಬಿಚ್ಚಿಸಿ, ಚೈನನ್ನು ಹಿಂದಿನ ಹಲ್ಲುಚಕ್ರದ ಹಿಂಬದಿಯಲ್ಲಿ ಹಿಡಿದೆಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್ ಸೆಟ್ ಹೋಗಿದೆ. ಸರಿಯಿದ್ದರೆ ಕೆಳಗಿನ ಸಡಿಲ 25ರಿಂದ 30 ಮಿ.ಮೀ. ಇರಬೇಕು. ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ ಹ್ಯಾಂಡಲ್ ಹಿಡಿತ ಸಡಿಲಿಸಿ, ಕೈ ಪೂರ್ತಿ ತೆಗೆಯಬೇಡಿ: ಗಾಡಿ ಒಂದೇ ಕಡೆ ಎಳೆದರೆ ಫೋರ್ಕೋ ಚಾಸಿಯೋ ಬಾಗಿದೆ, ಅಂದರೆ ಒಮ್ಮೆ ಬಿದ್ದ ಗಾಡಿ. ಕೊನೆಗೆ ಮುಂದಿನ ಬ್ರೇಕ್ ಕೇಬಲನ್ನು ಲಿವರಿನ ಬುಡದಲ್ಲಿ ಬೆಳಕಿಗೆ ಹಿಡಿದು ನೋಡಿ. ಒಂದು ಎಳೆ ಬಿಚ್ಚಿಕೊಂಡಿದ್ದರೂ, ಮಾರುವವನು ಬದಲಿಸಿ ಕೊಡುವವರೆಗೆ ಅಡ್ವಾನ್ಸ್ ಕೊಡಬೇಡಿ.