ಲಿನಕ್ಸ್‌ನ ಹ್ಯೂಜ್ ಪೇಜ್: ಕಾಯ್ದಿರಿಸಿದರೆ ಸೊಗಸು, ತಾನಾಗಿ ಬಂದರೆ ಅನುಮಾನ

ನಾನು ನೋಡಿಕೊಳ್ಳುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನಲ್ಲಿ, ಅದರ ಪ್ರೊಸೆಸ್‌ಗಳೆಲ್ಲ ಹಂಚಿಕೊಳ್ಳುವ ಮೆಮೊರಿಯಾದ ಶೇರ್ಡ್ ಬಫರ್‌ಗೆ 16 ಜಿಬಿ ಕೊಟ್ಟಿದ್ದೇನೆ. ಇಂಟೆಲ್ ಮತ್ತು ಎಎಂಡಿ ಯಂತ್ರಗಳಲ್ಲಿ ಮೆಮೊರಿಯನ್ನು ಭಾಗ ಮಾಡುವ ಮೂಲ ಪುಟ 4 ಕೆಬಿಯದ್ದಾದ್ದರಿಂದ ಈ ಬಫರ್ ಒಂದಕ್ಕೇ ಸುಮಾರು 42 ಲಕ್ಷ ಪುಟಗಳು ಬೇಕು. ಪ್ರತಿ ಪುಟಕ್ಕೂ, ಅದು ಮೆಮೊರಿಯಲ್ಲಿ ಎಲ್ಲಿದೆಯೆಂದು ಬರೆದಿಡುವ ಪೇಜ್ ಟೇಬಲ್‌ನಲ್ಲಿ 8 ಬೈಟ್‌ನ ಒಂದು ನಮೂದು ಇರಲೇಬೇಕು. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಬೇರೆ ಪ್ರೊಸೆಸ್ ಹುಟ್ಟಿಸುವುದರಿಂದ, ಬಫರನ್ನು ಪೂರ್ತಿ ಮುಟ್ಟಿದ ಪ್ರೊಸೆಸ್ ಒಂದೊಂದೂ 32 ಎಂಬಿಯ ಟೇಬಲ್ ಹೊತ್ತು ಕೂರುತ್ತದೆ, ಅಂಥವು 200 ಇದ್ದರೆ ಆರು ಜಿಬಿಗೂ ಹೆಚ್ಚು ಮೆಮೊರಿ ಬರೀ ವಿಳಾಸದ ಲೆಕ್ಕಕ್ಕೆ ಹೋಗುತ್ತದೆ. ಲೆಕ್ಕದ ಪುಸ್ತಕ ಇಡಲೆಂದೇ ಮನೆಯ ಒಂದು ಕೋಣೆ ಬಿಟ್ಟುಕೊಟ್ಟಂತೆ!

ಅದೇ ಬಫರನ್ನು 2 ಎಂಬಿಯ ದೊಡ್ಡ ಪುಟಗಳಲ್ಲಿ, ಅಂದರೆ ಹ್ಯೂಜ್ ಪೇಜ್‌ಗಳಲ್ಲಿ, ಇಟ್ಟರೆ 8192 ನಮೂದುಗಳು ಸಾಕು, ಅಂದರೆ ಪ್ರೊಸೆಸ್‌ಗೆ 64 ಕೆಬಿ. ಇತ್ತೀಚೆಗೆ ಬಳಸಿದ ಪುಟಗಳ ವಿಳಾಸವನ್ನು ಪ್ರೊಸೆಸರ್ ಒಳಗೇ ನೆನಪಿಡುವ ಟಿಎಲ್‌ಬಿಗೆ ಆಗುವ ಲಾಭವೂ ಸಣ್ಣದಲ್ಲ: ಸ್ಕೈಲೇಕ್ ಪ್ರೊಸೆಸರ್‌ನ ಎರಡನೇ ಹಂತದ ಟಿಎಲ್‌ಬಿಯಲ್ಲಿರುವ 1536 ನಮೂದುಗಳು ಚಿಕ್ಕ ಪುಟಗಳಾದರೆ 6 ಎಂಬಿಯನ್ನಷ್ಟೇ ನೆನಪಿಡುತ್ತವೆ, ದೊಡ್ಡ ಪುಟಗಳಾದರೆ 3 ಜಿಬಿಯನ್ನು.

ಈ ಪುಟಗಳನ್ನು ಮೊದಲೇ ಕಾಯ್ದಿರಿಸುವ ವಿಧಾನ ನನಗೆ ಪೂರ್ತಿ ಒಪ್ಪಿಗೆಯಾಗಿದೆ. ಎಷ್ಟು ಪುಟ ಬೇಕೆಂಬುದನ್ನು 15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ಸೇ ಹೇಳುತ್ತದೆ. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಬಳಿ ಅವನ್ನು ಯಂತ್ರ ಬೂಟ್ ಆಗುವಾಗಲೇ ಕೇಳಿಕೊಳ್ಳಬೇಕು. ವಾರಗಟ್ಟಲೆ ಓಡಿ ಮೆಮೊರಿ ಚೂರುಚೂರಾದ ಮೇಲೆ ಕೇಳಿದರೆ ಕರ್ನಲ್ ಸದ್ದಿಲ್ಲದೆ ಕಡಿಮೆ ಕೊಟ್ಟು ಸುಮ್ಮನಾಗಬಹುದು. ಹೀಗೆ ಕಾಯ್ದಿರಿಸಿದ ಭಾಗವನ್ನು ಬೇರೆ ಪ್ರೋಗ್ರಾಂಗಳು ಸಾಮಾನ್ಯ ಮೆಮೊರಿಯಂತೆ ಬಳಸಲಾರವು ಎಂಬ ಬಿಗಿತವನ್ನು ಸಹಿಸಿಕೊಳ್ಳಬೇಕು.

2011ರಲ್ಲಿ ಲಿನಕ್ಸ್ ಕರ್ನಲ್‌ನ 2.6.38ನೇ ಆವೃತ್ತಿಯೊಂದಿಗೆ ಬಂದ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಈ ತೊಂದರೆಯನ್ನೆಲ್ಲ ತಾನೇ ವಹಿಸಿಕೊಳ್ಳುತ್ತದೆ. ಆದರೆ ಕೇಳದೆಯೇ ಎಲ್ಲ ಪ್ರೋಗ್ರಾಂಗೂ ದೊಡ್ಡ ಪುಟ ಕೊಡುವ ಅದರ ‘ಆಲ್ವೇಸ್’ ಆಯ್ಕೆಯ ಮೇಲೆ ನನಗೆ ನಂಬಿಕೆಯಿಲ್ಲ. ಹಿನ್ನೆಲೆಯಲ್ಲಿ ಓಡುವ ಕೆಹ್ಯೂಜ್‌ಪೇಜ್‌ಡಿ ಎಂಬ ಕರ್ನಲ್ ಥ್ರೆಡ್, ಮೂಲ ಹೊಂದಿಕೆಯಲ್ಲಿ 512 ಚಿಕ್ಕ ಪುಟಗಳ ಪೈಕಿ 511 ಖಾಲಿಯಿದ್ದರೂ ಅವನ್ನು ಒಂದು ದೊಡ್ಡ ಪುಟವಾಗಿ ಮಾಡಬಲ್ಲದು. ಪ್ರೋಗ್ರಾಂ ಕೇಳಿದ್ದು 4 ಕೆಬಿ, ತೆತ್ತದ್ದು 2 ಎಂಬಿ. ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್ ಈ ಆಯ್ಕೆಯನ್ನು ಕಂಡರೆ ಶುರುವಿನಲ್ಲೇ ತನ್ನ ಮಟ್ಟಿಗೆ ಅದನ್ನು ಆರಿಸಲು ನೋಡುವುದು, ಆಗದಿದ್ದರೆ ಎಚ್ಚರಿಕೆ ಮುದ್ರಿಸುವುದು ಸುಮ್ಮನೆ ಅಲ್ಲ. ಬೇಕೆಂದು ಕೇಳಿದ ಪ್ರೋಗ್ರಾಂಗೆ ಮಾತ್ರ ಕೊಡುವ ‘ಮ್ಯಾಡ್ವೈಸ್’ ಆಯ್ಕೆಯೇ ಸರಿಯಾದದ್ದು. ಲಿನಕ್ಸ್‌ನ ಉಬುಂಟು ಆವೃತ್ತಿ ತನ್ನ ಮೂಲ ಹೊಂದಿಕೆಯಲ್ಲೇ ಅದನ್ನಿಟ್ಟು ಕೊಡುವುದು ನನಗೆ ಮೆಚ್ಚುಗೆಯಾಗಿದೆ.

ಒಂದು ತಕರಾರು ಮಾತ್ರ ಪೋಸ್ಟ್‌ಗ್ರೆಸ್ ಮೇಲಿದೆ. ಅದರ ಹ್ಯೂಜ್ ಪೇಜಸ್ ಹೊಂದಿಕೆ ‘ಟ್ರೈ’ ಎಂದು ಇರುವುದರಿಂದ, ದೊಡ್ಡ ಪುಟ ಸಿಗದಿದ್ದರೆ ಏನೂ ಆಗದಂತೆ ಚಿಕ್ಕ ಪುಟಗಳ ಮೇಲೆಯೇ ಎದ್ದು ನಿಲ್ಲುತ್ತದೆ. ನಾನು ಅದನ್ನು ‘ಆನ್’ ಎಂದು ತಿದ್ದಿದ್ದೇನೆ. ಪುಟ ಸಾಲದಿದ್ದರೆ ಸರ್ವರ್ ಏಳುವುದೇ ಇಲ್ಲ, ಕಾರಣವೂ ಲಾಗ್‌ನಲ್ಲಿ ಕಾಣುತ್ತದೆ.