ಬಾಯಿ ಬಿಡಿಸುವ ಗುತ್ತಿಗೆ: 8.1 ಕೋಟಿ ಡಾಲರ್ ಕೊಟ್ಟು ಸಿಐಎ ಕೊಂಡದ್ದೇನು?

ದೇಶದ ಭದ್ರತೆಗಾಗಿ ಕೈದಿಗೆ ಹಿಂಸೆ ಕೊಡಬಹುದೇ ಎಂಬ ಚರ್ಚೆ ಎದ್ದಾಗ, ಕೂಡದು ಅನ್ನುವವರೂ ಒಂದು ಮಾತನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡುಬಿಡುತ್ತಾರೆ: ಹೊಡೆದರೆ ನಿಜ ಹೊರಬೀಳುತ್ತದೆ ಅನ್ನುವುದನ್ನು. ಈ ನಂಬಿಕೆಯನ್ನು ಒರೆಗೆ ಹಚ್ಚಲು ಒಂದು ಅಪರೂಪದ ದಾಖಲೆ ಇದೆ. ಅಮೆರಿಕದ ಸಿಐಎ 2002ರಿಂದ ಈ ಕೆಲಸಕ್ಕೆ ಹೊರಗಿನವರನ್ನು ಗುತ್ತಿಗೆಗೆ ಹಿಡಿದಿತ್ತು. ದರ ಎಷ್ಟು, ಏನು ಕೊಡುತ್ತೇವೆ ಅಂದರು, ಏನು ಕೊಟ್ಟರು ಎಲ್ಲವೂ ಸೆನೆಟ್‌ನ ಗುಪ್ತಚರ ಸಮಿತಿ 2014ರ ಡಿಸೆಂಬರ್ 9ರಂದು ಹೊರಗಿಟ್ಟ ಸಾರಾಂಶದಲ್ಲಿದೆ. 6,700 ಪುಟ ಮೀರಿದ ಮೂಲ ವರದಿಯನ್ನು ಆಗ ಬಿಡುಗಡೆ ಮಾಡಲಿಲ್ಲ. ಬಂದ ಐನೂರು ಚಿಲ್ಲರೆ ಪುಟಗಳಲ್ಲೂ ಸಾಲುಸಾಲಿಗೆ ಕಪ್ಪು ಬಳಿದಿದೆ. ಕೊಂಡ ಸೇವೆಯನ್ನು ತೂಗಲು ಅಷ್ಟೇ ಸಾಕಾಗುತ್ತದೆ.

ಮಾರಿದವರು ಜೇಮ್ಸ್ ಮಿಚೆಲ್ ಮತ್ತು ಬ್ರೂಸ್ ಜೆಸ್ಸನ್, ವಾಯುಪಡೆಯಲ್ಲಿದ್ದ ಇಬ್ಬರು ಮನಶ್ಶಾಸ್ತ್ರಜ್ಞರು. ಅಲ್ಲಿ ಅವರು ದುಡಿದದ್ದು 'ಸೀರ್' ಎಂಬ ತರಬೇತಿಯಲ್ಲಿ. ಶತ್ರುವಿನ ಕೈಗೆ ಸಿಕ್ಕಿದ ಸೈನಿಕ ಹಿಂಸೆಯನ್ನು ಹೇಗೆ ತಾಳಿಕೊಳ್ಳಬೇಕು ಎಂದು ಕಲಿಸುವ ತರಬೇತಿ ಅದು. ಕೊರಿಯಾ ಯುದ್ಧದಲ್ಲಿ ಚೀನಿಯರು ಅಮೆರಿಕದ ಸೆರೆಯಾಳು ಪೈಲಟ್‌ಗಳಿಂದ, ರೋಗಾಣು ಬಾಂಬ್ ಹಾಕಿದ್ದೇವೆ ಎಂಬ ಸುಳ್ಳು ತಪ್ಪೊಪ್ಪಿಗೆ ಹೇಳಿಸಿದ್ದರು. ನಿದ್ದೆಗೆಡಿಸುವುದು, ಒಂಟಿಯಾಗಿಡುವುದು, ನಿಂತಲ್ಲೇ ನಿಲ್ಲಿಸುವುದು ಆ ಸುಳ್ಳನ್ನು ಹುಟ್ಟಿಸಿದ ಉಪಾಯಗಳು. ಅವನ್ನೇ ತಿರುವಿ ಹಾಕಿ, ಇದರಿಂದ ನಿಜ ಸಿಗುತ್ತದೆ ಎಂದು ಮಾರಲಾಯಿತು. ಮೂಲದೋಷ ಇಲ್ಲೇ ಇದೆ, ಮುಂದಿನದೆಲ್ಲ ಇದರ ಫಲ. ಇಬ್ಬರೂ ಅದುವರೆಗೆ ನಿಜವಾದ ವಿಚಾರಣೆ ನಡೆಸಿದವರಲ್ಲ. ಅಲ್ ಖೈದಾ ಬಗ್ಗೆ ವಿಶೇಷ ತಿಳಿವಳಿಕೆಯಾಗಲಿ ಆ ಜನರ ಭಾಷೆಯಾಗಲಿ ಇರಲಿಲ್ಲ ಎಂದು ಸಮಿತಿ ಬರೆದಿದೆ.

ದರದ ವಿಷಯ. ವಾಟರ್‌ಬೋರ್ಡ್, ಅಂದರೆ ಕೈದಿಯನ್ನು ಹಲಗೆಯ ಮೇಲೆ ಮಲಗಿಸಿ ಮುಖಕ್ಕೆ ನೀರು ಸುರಿದು ಉಸಿರುಗಟ್ಟಿಸುವ ವಿಧಾನ, ಬಳಸಲು ಅನುಮತಿ ಇದ್ದ ಇವರಿಗೆ ದಿನಕ್ಕೆ 1,800 ಡಾಲರ್, ಅನುಮತಿ ಇಲ್ಲದ ವಿಚಾರಣೆಗಾರರ ನಾಲ್ಕು ಪಟ್ಟು. 2005ರಲ್ಲಿ ಕಂಪನಿ ಕಟ್ಟಿದರು. 2006ರ ಗುತ್ತಿಗೆಯ ಒಟ್ಟು ಬೆಲೆ 18 ಕೋಟಿ ಡಾಲರ್ ದಾಟುವಂತಿತ್ತು. 2009ರಲ್ಲಿ ರದ್ದಾಗುವ ಹೊತ್ತಿಗೆ 8.1 ಕೋಟಿ ಡಾಲರ್ ಪಾವತಿಯಾಗಿತ್ತು. ಮುಂದೆ ಕೋರ್ಟು ಕಚೇರಿ ಅಂತ ಬಂದರೆ ಖರ್ಚು ಭರಿಸುವ ಭರವಸೆ ಬೇರೆ.

ಮೊದಲ ಪ್ರಯೋಗ ಅಲ್ ಖೈದಾದವನೆಂದು ಶಂಕಿಸಿದ್ದ ಅಬು ಜುಬೈದಾ ಮೇಲೆ. 2002ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಫೈಸಲಾಬಾದಿನಲ್ಲಿ ಗುಂಡೇಟು ತಿಂದು ಸಿಕ್ಕಿಬಿದ್ದವನು. ಎಫ್‌ಬಿಐನ ಅಲಿ ಸೂಫಾನ್ ಮತ್ತು ಜತೆಗಾರರು ಅವನ ಗಾಯಕ್ಕೆ ಆರೈಕೆ ಮಾಡುತ್ತ, ಅವನ ಭಾಷೆಯಲ್ಲೇ ಮಾತಾಡುತ್ತ ವಿಚಾರಿಸಿದರು. 9/11ರ ಸೂತ್ರಧಾರ ಖಾಲಿದ್ ಶೇಖ್ ಮೊಹಮ್ಮದ್ ಎಂದು ಅವನು ಹೇಳಿದ್ದು ಆಗ. ಆಮೇಲೆ ಅವನನ್ನು 47 ದಿನ ಒಂಟಿ ಕೋಣೆಯಲ್ಲಿ, ಒಂದೂ ಪ್ರಶ್ನೆ ಕೇಳದೆ ಇಟ್ಟರು. ಮುಂದಿನ ದಾಳಿಯ ಸುಳಿವು ತುರ್ತಾಗಿ ಬೇಕು ಅನ್ನುವವರು ಹಾಗೆ ನಲವತ್ತೇಳು ದಿನ ಕಳೆದರು.

ಆಗಸ್ಟ್ 4ರಿಂದ ಗುತ್ತಿಗೆಯ ಕೆಲಸ ಶುರು. 21 ಇಂಚು ಅಗಲ, ಎರಡೂವರೆ ಅಡಿ ಎತ್ತರ, ಅಷ್ಟೇ ಉದ್ದದ ಪೆಟ್ಟಿಗೆಯಲ್ಲಿ ಒಟ್ಟು 29 ಗಂಟೆ, ಶವಪೆಟ್ಟಿಗೆಯಂಥ ಇನ್ನೊಂದರಲ್ಲಿ 266 ಗಂಟೆ. ಬಾಯಿ ಮೂಗಿಗೆ ಬಟ್ಟೆ ಮುಚ್ಚಿ ನೀರು ಸುರಿದದ್ದು ಆ ತಿಂಗಳಲ್ಲಿ ಕನಿಷ್ಠ 83 ಸಲ. ಕೊನೆಕೊನೆಗೆ ವಿಚಾರಣೆಗಾರ ಹುಬ್ಬು ಎತ್ತಿದರೆ ಸಾಕು, ಯಾರೂ ಹೇಳದೆಯೇ ಅವನು ಮೆಲ್ಲಗೆ ನಡೆದುಹೋಗಿ ನೀರಿನ ಹಲಗೆಯ ಮೇಲೆ ಕೂರುತ್ತಿದ್ದ. ಎರಡು ಸಲ ಚಿಟಿಕೆ ಹೊಡೆದರೆ ಅಂಗಾತ ಮಲಗುತ್ತಿದ್ದ. ಇದು ಸಿಐಎಯ ಸ್ವಂತ ತಂತಿ ಸಂದೇಶಗಳಲ್ಲಿರುವ ವಿವರ. ಆ ಹಲಗೆಯ ಮುಂದೆ ನಿಂತು ನಾವು ಕೇಳಬೇಕಾದದ್ದು ಇಷ್ಟು: ಚಿಟಿಕೆಗೆ ಮಲಗುವವನ ಬಾಯಿಂದ ಬಂದ ಮಾತು ಯಾರದು? ಅವನದೋ, ಚಿಟಿಕೆ ಹೊಡೆದವನದೋ? ಮನುಷ್ಯನ ಸ್ವಂತ ಇಚ್ಛೆಯನ್ನು ಮುರಿಯುವುದೇ ಇಲ್ಲಿಯ ಅನ್ಯಾಯ, ಮಾಹಿತಿ ಕೆಟ್ಟದ್ದೂ ಅದರಿಂದಲೇ. ನೀತಿ ಬೇರೆ, ಉಪಯೋಗ ಬೇರೆ ಎಂದು ಎರಡು ಖಾತೆ ತೆರೆಯುವವರಿಗೆ ಇದು ಕಾಣುವುದಿಲ್ಲ.

ಮುಂದಿನ ದಾಳಿಯ ಸುಳಿವು ಅವನಿಂದ ಸಿಗಲಿಲ್ಲ. ಆದರೂ ತಂಡ ಪ್ರಯೋಗ ಯಶಸ್ವಿ ಎಂದೇ ಬರೆಯಿತು: ಅವನು ಏನನ್ನೂ ಬಚ್ಚಿಟ್ಟಿರಲಿಲ್ಲ ಎಂಬುದು ಇದರಿಂದ ಖಚಿತವಾಯಿತಂತೆ. ಮಾಹಿತಿ ಸಿಕ್ಕರೂ ಯಶಸ್ಸು, ಸಿಗದಿದ್ದರೂ ಯಶಸ್ಸು ಎಂದಾದರೆ ಆ ಸೇವೆಗೆ ಸೋಲು ಎಂಬುದೇ ಇಲ್ಲ. ಹಿಂಸೆ ಕೊಟ್ಟವರೇ ಅದರ ಫಲ ಅಳೆದರು, ಇನ್ನಷ್ಟು ತಡೆದುಕೊಳ್ಳುವ ಸ್ಥಿತಿಯಲ್ಲಿ ಕೈದಿಯ ಮನಸ್ಸಿದೆಯೇ ಎಂದೂ ಅವರೇ ಹೇಳಿದರು. ವರದಿಯ ಹಲವು ತೀರ್ಮಾನಗಳನ್ನು ತಳ್ಳಿಹಾಕಿದ ಸಿಐಎ ಕೂಡ ಈ ಹಿತಾಸಕ್ತಿಯ ಸಂಘರ್ಷವನ್ನು ತಡೆಯಬೇಕಿತ್ತು ಎಂದು ಒಪ್ಪಿಕೊಂಡಿದೆ.

ಸುಳ್ಳಿನ ಬೆಲೆ ಡಾಲರಿನಲ್ಲಿ ಮುಗಿಯಲಿಲ್ಲ. 183 ಸಲ ವಾಟರ್‌ಬೋರ್ಡ್‌ಗೆ ಒಳಗಾದ ಖಾಲಿದ್ ಶೇಖ್, ಮೊಂಟಾನಾದ ಕಪ್ಪು ಮುಸ್ಲಿಮರನ್ನು ಸೇರಿಸಿಕೊಳ್ಳುವ ಸಂಚಿದೆ ಎಂದ. ಒತ್ತಡಕ್ಕೆ ಹೇಳಿದ ಸುಳ್ಳು ಅದು ಎಂದು ಆಮೇಲೆ ಅವನೇ ಹೇಳಿದ. ಈ ಗುತ್ತಿಗೆಯ ಹೊರಗೆ, ಈಜಿಪ್ಟಿನ ಸೆರೆಯಲ್ಲಿ ಇಬ್ನ್ ಅಲ್ ಶೇಖ್ ಅಲ್ ಲಿಬಿ ಬಾಯಿಂದ ಬಂದ ಕಥೆ, ಇರಾಕ್ ಅಲ್ ಖೈದಾಗೆ ರಾಸಾಯನಿಕ ಅಸ್ತ್ರದ ತರಬೇತಿ ಕೊಟ್ಟಿತೆಂಬುದು, 2003ರ ಫೆಬ್ರವರಿ 5ರಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣಕ್ಕೆ ಸೇರಿತು. ಇರಾಕ್ ಯುದ್ಧ ಶುರುವಾದ ಮೇಲೆ ಲಿಬಿ ಆ ಮಾತನ್ನು ಹಿಂತೆಗೆದುಕೊಂಡ. ಸಿಐಎ ಹಿಡಿದಿಟ್ಟ 119 ಜನರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿಯಲು ಸಿಐಎಯದೇ ನಿಯಮದಂತೆ ಆಧಾರ ಇರಲಿಲ್ಲ. ಗುಲ್ ರಹಮಾನ್ ಎಂಬಾತ 2002ರ ನವೆಂಬರ್‌ನಲ್ಲಿ, ಸೊಂಟದ ಕೆಳಗೆ ಬಟ್ಟೆಯಿಲ್ಲದೆ ಸಿಮೆಂಟು ನೆಲಕ್ಕೆ ಸರಪಳಿ ಕಟ್ಟಿಸಿಕೊಂಡು ಚಳಿಗೆ ಸತ್ತ.

ಇದು ದೂರದ ಕಥೆಯಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಂಬಬೇಡಿ ಎಂದು ನಮ್ಮ ಸಾಕ್ಷ್ಯ ಕಾನೂನು 1872ರಲ್ಲೇ ಹೇಳಿತ್ತು. ಭಯೋತ್ಪಾದನೆ ತಡೆಗೆಂದು ತಂದ ಟಾಡಾ ಕಾಯ್ದೆ ಆ ಬಾಗಿಲು ತೆರೆಯಿತು. ವೀರಪ್ಪನ್ ಬೇಟೆಯ ಹೆಸರಲ್ಲಿ ಮಲೆ ಮಹದೇಶ್ವರ ಬೆಟ್ಟದ 'ವರ್ಕ್‌ಶಾಪ್'ನಲ್ಲಿ ಪೊಲೀಸರು ಮೈಗೆ ಕರೆಂಟು ಕೊಟ್ಟರೆಂದು ಹಳ್ಳಿಯವರು ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿದ್ದಾರೆ. ಯಾವ ಸಂದರ್ಭವೂ, ಯುದ್ಧವೂ ಸಹ, ಚಿತ್ರಹಿಂಸೆಗೆ ಸಮರ್ಥನೆಯಾಗದು ಎನ್ನುವ 1984ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ.

ಗುತ್ತಿಗೆ ರದ್ದಾದ ಮೇಲೂ ಹಾನಿ ನಿಲ್ಲಲಿಲ್ಲ. 2000ರ ಅಕ್ಟೋಬರ್‌ನಲ್ಲಿ ಯೆಮನ್‌ನ ಏಡನ್ ಬಂದರಿನಲ್ಲಿ ಅಮೆರಿಕ ನೌಕಾಪಡೆಯ ಕೋಲ್ ಹಡಗನ್ನು ಸ್ಫೋಟಿಸಿದ ಆರೋಪಿ ಅಲ್ ನಶೀರಿ 2007ರಲ್ಲಿ ಎಫ್‌ಬಿಐ ಮುಂದೆ, ಯಾರೂ ಕೈ ಮಾಡದೆಯೇ, ಹೇಳಿಕೆ ಕೊಟ್ಟಿದ್ದ. ಹಿಂದಿನ ವರ್ಷಗಳಲ್ಲಿ ಸಿಐಎ ಸೆರೆಯಲ್ಲಿ ಕಂಡ ಹಿಂಸೆಯ ಭಯ ಆ ಹೇಳಿಕೆಯಿಂದ ಬೇರೆಯಾಗಿಲ್ಲ ಎಂದು ಗ್ವಾಂಟನಾಮೋದ ಸೇನಾ ನ್ಯಾಯಾಧೀಶರು 2023ರ ಆಗಸ್ಟ್‌ನಲ್ಲಿ ಅದನ್ನು ಸಾಕ್ಷ್ಯದಿಂದ ತೆಗೆದುಹಾಕಿದರು. ಹಡಗಿನಲ್ಲಿ ಸತ್ತ 17 ನಾವಿಕರ ಮನೆಯವರು ಅಷ್ಟು ಹೊತ್ತಿಗೆ ವಿಚಾರಣೆಗಾಗಿ ಕಾಯುತ್ತ ಇಪ್ಪತ್ತಮೂರು ವರ್ಷ ಆಗುತ್ತ ಬಂದಿತ್ತು.