ಅಪ್ಪನಿಗೆ ಎದೆ ತೆರೆದು, ಕಾಕಾನಿಗೆ ದುರ್ಬೀನ್ ಹಾಕಿ

ನಮ್ಮ ಮನೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಎರಡು ಆಪರೇಷನ್ ಆಗಿವೆ. ಅಪ್ಪನಿಗೆ ಎದೆ ತೆರೆದು ಮಾಡಿದರು. ಎರಡು ವರ್ಷದ ಮೇಲೆ ಕಾಕಾನಿಗೆ ದುರ್ಬೀನ್ ಹಾಕಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಒಳಬಿಟ್ಟು ಮಾಡಿದರು. ಎರಡೂ ಸಲ ಬಾಗಲಕೋಟೆಯಿಂದ ಬೆಳಗಾವಿಗೆ ಹೋಗಿ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನೇ.

ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಅಂದರೆ ಮೂರು ಭಾಗ, ಎಡಕ್ಕೆ ಎರಡು. ಇಬ್ಬರಿಗೂ ತೆಗೆದದ್ದು ಬಲಗಡೆಯ ಮೇಲಿನ ಹಾಲೆ, ಜೊತೆಗೆ ಸುತ್ತಲಿನ ದುಗ್ಧಗ್ರಂಥಿಗಳು. ಬೇರೆಯಾಗಿದ್ದು ಒಳಗೆ ಹೋದ ದಾರಿ ಮಾತ್ರ. ಅಪ್ಪನಿಗೆ ಬೆನ್ನಿನಿಂದ ಕಂಕುಳ ಕೆಳಗಿನವರೆಗೆ ಗಾಯ. ಪಕ್ಕೆಲುಬುಗಳನ್ನು ಅಗಲಿಸಿ ಹಿಡಿಯುವಾಗ ಅವುಗಳ ಕೆಳಗೇ ಓಡುವ ನರ ನಲುಗುತ್ತದೆ. ಕಾಕಾನಿಗೆ ಮೂರು ತೂತು. ಅದರಲ್ಲಿ ಸ್ವಲ್ಪ ದೊಡ್ಡದರಿಂದ ಹಾಲೆಯನ್ನು ಚೀಲಕ್ಕೆ ಹಾಕಿ ಹೊರತೆಗೆದರು.

ನೋವಿನ ವಿಷಯದಲ್ಲಿ ದುರ್ಬೀನೇ ಮೇಲು, ಅನುಮಾನವೇ ಬೇಡ. ಅಪ್ಪ ಕೈ ಎತ್ತಿ ರುಮಾಲು ಸುತ್ತಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಕಾಕಾ ಎರಡನೇ ವಾರಕ್ಕೇ ತಾವಾಗಿ ಅಂಗಿ ತೊಟ್ಟರು. ನೋವು ಅಂದರೆ ಸುಮ್ನೆ ನೋವಲ್ಲ. ನೋವಿದ್ದರೆ ಕೆಮ್ಮಲಾಗುವುದಿಲ್ಲ, ಕೆಮ್ಮದಿದ್ದರೆ ಕಫ ಒಳಗೇ ಕೂರುತ್ತದೆ, ಅಲ್ಲಿಂದ ನ್ಯುಮೋನಿಯಾ. ಅಪ್ಪನ ಬೆನ್ನಿಗೆ ಎಪಿಡ್ಯೂರಲ್, ಅಂದರೆ ನೋವು ತಗ್ಗಿಸುವ ಔಷಧ ಬಿಡುವ ಸಣ್ಣ ನಳಿಕೆ ಇತ್ತು. ಆದರೂ ದಿಂಬನ್ನು ಎದೆಗೆ ಅವಚಿ ಹಿಡಿಸಿ ಕೆಮ್ಮಿಸಬೇಕಿತ್ತು. ಉಸಿರೆಳೆದು ಚೆಂಡು ಮೇಲೇರಿಸುವ ಮೂರು ಚೆಂಡಿನ ಸ್ಪೈರೋಮೀಟರ್ ಎಳೆಸಲು ಗಂಟೆಗೊಮ್ಮೆ ಜಗಳವಾಡುತ್ತಿದ್ದೆ. ಮೂರನೇ ದಿನ ಎದೆಬಡಿತ ತಾಳ ತಪ್ಪಿತು, ಔಷಧಕ್ಕೆ ಇಳಿಯಿತು. ಇದು ಯಾವ ಬಗೆಯ ಆಪರೇಷನ್ ಆದರೂ ಬರಬಹುದು.

ಆದರೆ ಕಾಕಾನದು ಬೇಗ ಮುಗಿಯುತ್ತದೆ ಅಂದುಕೊಂಡದ್ದು ಸುಳ್ಳಾಯಿತು. ಆಪರೇಷನ್ ಆದಮೇಲೆ ಎದೆಯೊಳಗಿನ ಗಾಳಿ, ನೀರು ಹೊರಬರಲು ಒಂದು ನಳಿಕೆ ಹಾಕಿ ಬಾಟಲಿಗೆ ಜೋಡಿಸಿರುತ್ತಾರೆ. ಅಪ್ಪನ ಎದೆಯ ನಳಿಕೆ ನಾಲ್ಕನೇ ದಿನ ತೆಗೆದಿದ್ದರು. ಕಾಕಾನದು ಒಂಬತ್ತು ದಿನ. ಕೆಮ್ಮಿದಾಗಲೆಲ್ಲ ಬಾಟಲಿಯ ನೀರಿನಲ್ಲಿ ಗುಳ್ಳೆ. ಅಂದರೆ ಶ್ವಾಸಕೋಶದಿಂದ ಇನ್ನೂ ಗಾಳಿ ಸೋರುತ್ತಿದೆ. ಮೂವತ್ತು ವರ್ಷ ಬೀಡಿ ಸೇದಿ ಸವೆದ ಶ್ವಾಸಕೋಶ ಬೇಗ ಮುಚ್ಚಿಕೊಳ್ಳುವುದಿಲ್ಲ, ಹೊರಗಿನ ಗಾಯ ಎಷ್ಟೇ ಸಣ್ಣದಿರಲಿ. ಆ ಬಾಟಲಿಯನ್ನು ಎದೆಗಿಂತ ಕೆಳಗೇ ಇಡಬೇಕು, ನಳಿಕೆ ಮಡಚಬಾರದು. ರಾತ್ರಿ ಎದ್ದೆದ್ದು ನೋಡುತ್ತಿದ್ದೆ.

ಇಡೀ ಶ್ವಾಸಕೋಶ ತೆಗೆದರೆ ಬದುಕುತ್ತಾರಾ ಎಂದು ಅವ್ವ ಆಗ ಕೇಳಿದ್ದಳು. 1933ರಲ್ಲಿ ಅಮೆರಿಕದ ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಂ ಒಬ್ಬ ವೈದ್ಯರ ಎಡ ಶ್ವಾಸಕೋಶವನ್ನೇ ತೆಗೆದರು, ಆ ರೋಗಿ ಸುಮಾರು 30 ವರ್ಷ ಬದುಕಿದರು. ಆದರೂ ಅದರ ಅಪಾಯ ಹಾಲೆ ತೆಗೆಯುವುದಕ್ಕಿಂತ ಜಾಸ್ತಿ, ಅದರಲ್ಲೂ ಬಲಗಡೆ.

ಗಡ್ಡೆ ಸಣ್ಣದಿದ್ದು ಅಂಚಿನಲ್ಲಿದ್ದರೆ ನಾನು ದುರ್ಬೀನನ್ನೇ ಕೇಳುತ್ತೇನೆ. ದೊಡ್ಡ ರಕ್ತನಾಳಕ್ಕೆ ಅಂಟಿದ್ದರೆ ಎದೆ ತೆರೆಯಲಿ. ದುರ್ಬೀನಿನಲ್ಲಿ ಶುರುಮಾಡಿ ರಕ್ತಸ್ರಾವವಾದರೆ ತೆರೆಯುತ್ತಾರೆ. ಅದು ಸೋಲಲ್ಲ, ಜೀವ ಉಳಿಸುವ ಹೆಜ್ಜೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ಅಪ್ಪ ಈಗ ರುಮಾಲು ಸುತ್ತುತ್ತಾರೆ. ಗಾಯದ ಕೆಳಗೆ ಮಾತ್ರ ಮುಟ್ಟಿದರೆ ಇವತ್ತಿಗೂ ಗೊತ್ತಾಗುವುದಿಲ್ಲವಂತೆ.